ಐದುನೂರಾ ಇಪ್ಪತ್ನಾಲ್ಕರ ಪ್ರಾಣಿ

ಜಮಖಂಡಿಯಲ್ಲಿ ಇಂಗ್ಲಿಷ್ ಬಲ್ಲವರಿಗೆ ಬರವಿರಲಿಲ್ಲ. ವಕೀಲರಿದ್ದರು, ಡಾಕ್ಟರರಿದ್ದರು, ಕಾಲೇಜಿನ ಪ್ರಾಧ್ಯಾಪಕರಂತೂ ಓಣಿಗೆ ಇಬ್ಬರಂತೆ ಇದ್ದರು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಇಂಗ್ಲಿಷಿಗೆಂದೇ ಹೆಸರಾದವರು ನಿವೃತ್ತ ಹೆಡ್ ಕ್ಲಾರ್ಕ್ ಕೃಷ್ಣಾಜಿಯವರೊಬ್ಬರೇ. ಬಲ್ಲವರಾಗುವುದಕ್ಕೂ ಹೆಸರಾಗುವುದಕ್ಕೂ ಇರುವ ಅಂತರವನ್ನು ಅವರಷ್ಟು ಚೆನ್ನಾಗಿ ಅರಿತವರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಮೂವತ್ತಾರು ವರ್ಷ ಅವರು ಸರಕಾರಿ ಕಚೇರಿಯೊಂದರ ಆವಕ-ಜಾವಕ ಮೇಜಿನ ಹಿಂದೆ ಕೂತಿದ್ದರು. ಬಂದ ಪತ್ರದ ಮೊದಲ ಸಾಲು ನೋಡಿ ವಿಷಯ ಬರೆದುಕೊಳ್ಳುವುದು, ಕೊನೆಯ ಸಾಲು ನೋಡಿ ಸಹಿ ಯಾರದೆಂದು ಬರೆದುಕೊಳ್ಳುವುದು, ಇಷ್ಟೇ ಕೆಲಸ. ಹೀಗಾಗಿ ಇಂಗ್ಲಿಷ್ ಪತ್ರ ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ ಎಂಬುದು ಅವರಿಗೆ ಬಾಯಿಪಾಠ. ನಡುವೆ ಏನಿರುತ್ತದೆ ಎಂಬುದನ್ನು ತಿಳಿದುಕೊಳ್ಳುವ ಪ್ರಸಂಗ ಬಂದೇ ಇರಲಿಲ್ಲ. ನಿವೃತ್ತರಾದ ಮೇಲೆ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಹಳ್ಳಿಯವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡತೊಡಗಿದರು. ‘ವಿತ್ ರೆಫರೆನ್ಸ್ ಟು ದಿ ಅಬೋವ್’ ಎಂದು ಘನವಾಗಿ ಆರಂಭಿಸಿ, ‘ಯುವರ್ಸ್ ಫೇತ್‌ಫುಲಿ’ ಎಂದು ವಿನಯದಿಂದ ಮುಗಿಸಿ, ನಡುವಿನ ಜಾಗವನ್ನು ಒಂದಷ್ಟು ‘ಕೈಂಡ್ಲಿ’ಗಳಿಂದಲೂ ‘ನೀಡ್‌ಫುಲ್’ಗಳಿಂದಲೂ ತುಂಬುತ್ತಿದ್ದರು. ಅವರು ಬರೆದ ಯಾವ ಅರ್ಜಿಗೂ ಉತ್ತರ ಬಂದಿರಲಿಲ್ಲ. ಅರ್ಜಿಗೆ ಉತ್ತರ ಬಾರದಿರುವುದು ಲೋಕರೂಢಿಯಾದ್ದರಿಂದ ಯಾರೂ ಇಂಗ್ಲಿಷಿನ ಮೇಲೆ ಸಂಶಯ ಪಡಲಿಲ್ಲ.

ದಿನಾ ಬೆಳಿಗ್ಗೆ ಇಂಗ್ಲಿಷ್ ಪೇಪರು ಹಿಡಿದು ಎರಡು ತಾಸು ಕೂಡುವುದು ಅವರ ನೇಮ. ಮಗಳು ಮೃಣ್ಮಯಿ ಅದನ್ನು ನೋಡುತ್ತಲೇ ಬೆಳೆದವಳು. ಅಪ್ಪನ ಹಾಗೆ ಇಂಗ್ಲಿಷ್ ಓದಬೇಕೆಂದೇ ಹಟ ಹಿಡಿದು ಓದಿ ಎಂ.ಎಸ್ಸಿ. ಮಾಡಿ ಊರ ಕಾಲೇಜಿನಲ್ಲೇ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಊರೆಲ್ಲ ನಕ್ಕರೂ ಕೃಷ್ಣಾಜಿಯವರು ತಾಳಿಕೊಂಡಾರು. ಈ ಒಬ್ಬ ಮಗಳ ಎದುರು ಗುಟ್ಟು ಬಯಲಾದರೆ ಮಾತ್ರ ಜೀವ ಹಿಡಿದಿರುವುದು ಕಷ್ಟವಿತ್ತು.

ಇಂಥ ಮನುಷ್ಯ ಸಿನಿಮಾದ ಗೊಡವೆಗೆ ಹೋಗಬಾರದಿತ್ತು.

ಎರಡು ಸಾವಿರದ ಹನ್ನೊಂದನೆಯ ಇಸವಿಯ ಜನವರಿ. ಮೃಣ್ಮಯಿಯ ಕಾಲೇಜಿನ ಪರಿಸರ ಸಂಘದವರು ಹೊಳೆದಂಡೆಯ ಏಳು ಹಳ್ಳಿಗಳಲ್ಲಿ ಪರಿಸರದ ಸಾಕ್ಷ್ಯಚಿತ್ರ ತೋರಿಸುವ ಕಾರ್ಯಕ್ರಮ ಹಾಕಿಕೊಂಡಿದ್ದರು. ಮೊದಲ ಪ್ರದರ್ಶನ ಹೊಳಿಹಂಚಿನಾಳದಲ್ಲಿ. ಗಲಗಲಿಯಿಂದ ಕೃಷ್ಣೆಯ ದಂಡೆ ಹಿಡಿದು ಹೋದರೆ ಸಿಗುವ ಊರು ಅದು. ಹಳೆಯ ಊರು ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಈಗಿರುವುದು ದಿನ್ನೆಯ ಮೇಲೆ ಹಾಕಿಕೊಟ್ಟ ಹೊಸ ಊರು. ಅಣೆಕಟ್ಟನ್ನು ಐದುನೂರಾ ಹತ್ತೊಂಬತ್ತು ಮೀಟರಿನಿಂದ ಐದುನೂರಾ ಇಪ್ಪತ್ನಾಲ್ಕಕ್ಕೆ ಏರಿಸುತ್ತಾರೆಂಬ ಮಾತು ಆಗ ಜಿಲ್ಲೆಯ ತುಂಬ. ಚಹಾದಂಗಡಿಯಲ್ಲಿ, ಮದುವೆಯ ಹಂದರದಲ್ಲಿ, ಕ್ಷೌರದ ಕುರ್ಚಿಯಲ್ಲಿ, ಎಲ್ಲಿ ಕೂತರೂ ಐದುನೂರಾ ಇಪ್ಪತ್ನಾಲ್ಕು. ಹೊಳಿಹಂಚಿನಾಳದ ಮಕ್ಕಳಿಗೆ ನೂರರವರೆಗೆ ಎಣಿಸಲು ಬರುವುದಕ್ಕಿಂತ ಮೊದಲೇ ಈ ಸಂಖ್ಯೆ ಬರುತ್ತಿತ್ತು.

“ಸಭಾಕ್ಕ ಯಾರರೆ ಹಿರೇರು ಬೇಕಾಗ್ಯದ ಅಪ್ಪಾ, ನೀವs ಬರ್ರಿ,” ಎಂದಳು ಮೃಣ್ಮಯಿ.

“ಬರೇ ಕೂಡೋದೇನು? ಇಂಗ್ಲಿಷ್ ಸಿನಿಮಾ ಇದ್ರ ಹೇಳು, ಅಲ್ಲಿಂದಲ್ಲೇ ಕನ್ನಡದಾಗ ಬಿಡಿಸಿ ಹೇಳ್ತೇನಿ,” ಎಂದರು ಕೃಷ್ಣಾಜಿ. ಸಿನಿಮಾ ಕನ್ನಡದ್ದೆಂದು ವಿಚಾರಿಸಿಕೊಂಡೇ ಹೇಳಿದ ಮಾತು ಅದು.

ಒಳಗಿನಿಂದ ಹೆಂಡತಿ ಇಂದಿರಾಬಾಯಿ ಏನೋ ಅಂದರು. ಒಗ್ಗರಣೆಯ ಸಪ್ಪಳದಲ್ಲಿ ಅದು ಕೇಳಿಸಲಿಲ್ಲ; ಕೇಳಿಸದಿದ್ದದ್ದೇ ಛಲೋ ಆಯಿತು.

ಹೊಳಿಹಂಚಿನಾಳದಲ್ಲಿ ಕರೆಂಟು ಇರುತ್ತಿದ್ದದ್ದು ಮಧ್ಯಾಹ್ನ ಮಾತ್ರ. ಆದ್ದರಿಂದ ಬೀರೇಶ್ವರ ಗುಡಿಯ ಪಕ್ಕದ ಸಮುದಾಯ ಭವನದ ಕಿಟಕಿಗಳಿಗೆಲ್ಲ ಕುರಿಗಾರರ ಕರೀ ಕಂಬಳಿ ಕಟ್ಟಿ ಹಗಲನ್ನೇ ಕತ್ತಲೆ ಮಾಡಿದ್ದರು. ಗುಡಿಯ ಪೂಜಾರಿ ಸಿದರಾಯನ ಜಾತ್ರೆಯ ಧೋತರವೇ ಪರದೆ. ಹೊಳೆಯನ್ನು ಪ್ಲಾಸ್ಟಿಕ್ಕಿನಿಂದ ಉಳಿಸಿರೆಂಬ ಪ್ಲಾಸ್ಟಿಕ್ ಬ್ಯಾನರನ್ನು ಬಾಗಿಲಿಗೆ ಕಟ್ಟಿ, ಗಣ್ಯರಿಗೆ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಕೊಟ್ಟು ಕಾರ್ಯಕ್ರಮ ಆರಂಭವಾಯಿತು.

ಮೂರನೆಯ ನಿಮಿಷಕ್ಕೆ ಕನ್ನಡದ ಡಿಸ್ಕು ಸಿಕ್ಕಿಬಿತ್ತು. ಪರದೆಯ ಮೇಲೆ ಒಂದು ಬೆಳ್ಳಕ್ಕಿ ಕಾಲೆತ್ತಿದ್ದು ಎತ್ತಿದಂತೆಯೇ ನಿಂತಿತು. ಇದೂ ಸಿನಿಮಾದಲ್ಲೇ ಇರಬೇಕೆಂದು ಜನ ಐದು ನಿಮಿಷ ಮರ್ಯಾದೆಯಿಂದ ನೋಡಿದರು. ಮೃಣ್ಮಯಿಯ ಚೀಲದಲ್ಲಿ ಇನ್ನೊಂದೇ ಡಿಸ್ಕು ಇತ್ತು. ಎಲ್ಲಿಯದೋ ದೂರದೇಶದ ಬೀವರ್ ಎಂಬ ಪ್ರಾಣಿಯದು. ಹಲ್ಲಿನಿಂದ ಗಿಡ ಕಡಿದು, ಹಳ್ಳಕ್ಕೆ ಅಡ್ಡ ಹಾಕಿ, ನೀರು ನಿಲ್ಲಿಸಿ, ಅದರಲ್ಲಿ ಮನೆ ಮಾಡಿಕೊಂಡಿರುವ ಪ್ರಾಣಿ. ಸಿನಿಮಾ ಪೂರ್ತಿ ಇಂಗ್ಲಿಷು.

“ನಾ ಹೇಳ್ತೇನಿ,” ಎಂದು ಮೃಣ್ಮಯಿ ಮುಂದೆ ಬಂದಳು. ಅಷ್ಟರಲ್ಲಿ ಪ್ರಿನ್ಸಿಪಾಲರ ಫೋನು ಬಂತು. ಆ ಊರಲ್ಲಿ ಮಾತು ಕೇಳಿಸುವಷ್ಟು ರೇಂಜು ಸಿಗುವುದು ನೀರಿನ ಟಾಕಿಯ ಬುಡದಲ್ಲಿ ಮಾತ್ರ. ಪ್ರಿನ್ಸಿಪಾಲರು ಮುಕ್ಕಾಲು ತಾಸಿಗಿಂತ ಕಡಿಮೆ ಮಾತಾಡಿದವರಲ್ಲ. “ಅಪ್ಪಾ, ನೀವs ಹೇಳ್ರಿ, ಬಂದೆ,” ಎಂದು ಅವಳು ಓಡಿದಳು.

ಭವನದ ಕಣ್ಣುಗಳೆಲ್ಲ ಕೃಷ್ಣಾಜಿಯವರ ಮೇಲೆ ನೆಟ್ಟವು.

ಇಲ್ಲಿ ಒಂದು ಸಂಗತಿ ತಿಳಿಸಬೇಕು. ಹೊಳಿಹಂಚಿನಾಳ ಡೊಳ್ಳಿನ ಹಾಡಿಕೆಯ ಊರು. ಅಲ್ಲಿ ಎರಡು ಮೇಳ ಎದುರುಬದುರು ನಿಂತರೆ ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಉತ್ತರ ಕೊಡಬೇಕು. ‘ಗೊತ್ತಿಲ್ಲ’ ಅಂದವನು ಡೊಳ್ಳು ಕೆಳಗಿಟ್ಟು ತಲೆ ತಗ್ಗಿಸಿ ಹೋಗಬೇಕು. ಮುಂದೆ ನಿಂತು ಹೇಳುವವನು ಯಾರೇ ಇರಲಿ, ಅವನಿಗೆ ಸವಾಲು ಹಾಕುವುದೇ ಅವನಿಗೆ ಕೊಡುವ ಗೌರವ ಎಂದು ಆ ಊರಿನವರು ನಂಬಿದ್ದರು. ಸಿದರಾಯನಂತೂ ಸವಾಲು ಹಾಕಿಯೇ ಮುಧೋಳದವರೆಗೆ ಹೆಸರು ಮಾಡಿದವನು.

ಪರದೆಯ ಮೇಲೆ ಕಂದು ಬಣ್ಣದ ಪ್ರಾಣಿ ಗಿಡದ ಬೊಡ್ಡೆಗೆ ಹಲ್ಲು ಹಚ್ಚಿತು. ಇಂಗ್ಲಿಷು ಧಾರಾಕಾರ ಸುರಿಯಿತು. ಆ ಸುರಿತದಲ್ಲಿ ಕೃಷ್ಣಾಜಿಯವರ ಕೈಗೆ ಸಿಕ್ಕಿದ್ದು ಒಂದೇ ಮಾತು.

“ಈ ಪ್ರಾಣಿ... ಎಂಜಿನಿಯರ್ ಅದ,” ಎಂದರು.

“ಹೌದಲ್ಲ!” ಎಂದಿತು ಸಭೆ.

“ರಾಯರ, ಏನ ಕಟ್ಟಾಕತ್ತೈತ್ರಿ ಅದು?” ಸಿದರಾಯನ ಮೊದಲ ಸವಾಲು.

ಪುಣ್ಯಕ್ಕೆ ಆ ಗಳಿಗೆಗೆ ಇನ್ನೊಂದು ಮಾತು ಕೇಳಿಸಿತು. “ಡ್ಯಾಮ್,” ಎಂದರು ಕೃಷ್ಣಾಜಿ.

ಸಭೆ ನೆಟ್ಟಗೆ ಕೂತಿತು. ಹೊಲವೋ ಮನೆಯೋ ಗದ್ದುಗೆಯೋ, ಡ್ಯಾಮಿನ ನೀರಿಗೆ ಏನನ್ನೂ ಕೊಡದವರು ಆ ಭವನದಲ್ಲಿ ಒಬ್ಬರೂ ಇರಲಿಲ್ಲ. ಪರದೆಯ ಮೇಲೆ ಹಳ್ಳ ತುಂಬಿ ನೀರು ಹುಲ್ಲಿನೊಳಗೆ ನುಗ್ಗಿತು.

“ನೋಟೀಸ ಕೊಟ್ಟೈತೇನ್ರಿ ಮುಂಚೆ?” ಎಂದು ಕೇಳಿದವಳು ಸುಂದರವ್ವ. ಎಪ್ಪತ್ತು ದಾಟಿದ ಮುದುಕಿ. ಎಂಟು ಎಕರೆಯಲ್ಲಿ ಆರು ಎಕರೆ ಮುಳುಗಿ, ಉಳಿದ ಎರಡರಲ್ಲಿ ಉಳ್ಳಾಗಡ್ಡಿ ಹಚ್ಚಿಕೊಂಡಿದ್ದವಳು.

“ನೋಟೀಸ... ಏನೂ ಕಾಣವಲ್ದು,” ಎಂದರು ಕೃಷ್ಣಾಜಿ. ಇದು ನಿಜವೇ.

ಅಷ್ಟರಲ್ಲಿ ಪರದೆಯ ಮೇಲೆ ಸಮವಸ್ತ್ರದ ನಾಲ್ಕು ಜನ ಪೆಟ್ಟಿಗೆ ಹೊತ್ತು ತಂದು, ಬಾಗಿಲು ತೆರೆದು, ಆ ಪ್ರಾಣಿಗಳನ್ನು ಹೊಳೆಗೆ ಬಿಟ್ಟರು. ಸಿನಿಮಾದವನು ಗವರ್ನಮೆಂಟ್ ಎಂದದ್ದು ಕೃಷ್ಣಾಜಿಯವರಿಗೆ ಸ್ಪಷ್ಟವಾಗಿ ಕೇಳಿಸಿತು. ತಮ್ಮ ಕಿವಿಯ ಮೇಲೆ ಅವರಿಗೇ ಅಭಿಮಾನ ಬಂತು.

“ಸರಕಾರದವರು ಪೆಟಿಗ್ಯಾಗ ತಂದು ಬಿಡ್ಲಿಕತ್ತಾರ!”

“ಯಾವ ಸರಕಾರ್ರಿ ರಾಯರ?” ಎಂದ ಟ್ರ್ಯಾಕ್ಟರಿನ ಮಾಳು. ಊರ ತರುಣರ ಮುಂದಾಳು ಅವನು.

ಯಾವ ದೇಶವೆಂದು ಕೃಷ್ಣಾಜಿಯವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದರೆ ಡೊಳ್ಳು ಕೆಳಗಿಡಬೇಕು. ಅವರು ಗಂಟಲು ಸರಿಮಾಡಿಕೊಂಡು, “ಸರಕಾರ ಅಂದ್ರ ಸರಕಾರ. ಎಲ್ಲಾ ಕಡೆ ಒಂದs,” ಎಂದರು.

ಈ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಸಭೆಯೂ ಹುಡುಕಲಿಲ್ಲ.

“ಕಡೀ ಸವಾಲ್ರಿ,” ಎಂದು ಸಿದರಾಯ ಎದ್ದು ನಿಂತ. “ಡ್ಯಾಮ ಎಷ್ಟ ಎತ್ತರಕ್ಕ ಒಯ್ತೈತ್ರಿ ಇದು?”

ಹಿಂದೆ ಮುಂದೆ ನೋಡದೆ ಕೃಷ್ಣಾಜಿಯವರ ಬಾಯಿ, ಆ ವರ್ಷ ಜಿಲ್ಲೆಯ ಎಲ್ಲ ಬಾಯಿಗಳಲ್ಲಿದ್ದ ಒಂದೇ ಸಂಖ್ಯೆಯನ್ನು ಹೇಳಿಬಿಟ್ಟಿತು.

“ಐದುನೂರಾ ಇಪ್ಪತ್ನಾಕು.”

ಮೃಣ್ಮಯಿ ತಿರುಗಿ ಬಂದಾಗ ಸಿನಿಮಾ ಮುಗಿದಿತ್ತು. ಕಂಬಳಿ ಬಿಚ್ಚಿದರೂ ಯಾರೂ ಏಳುತ್ತಿಲ್ಲ, ಯಾರೂ ಮಾತಾಡುತ್ತಿಲ್ಲ. ಅವಳಿಗೆ ಕಣ್ತುಂಬಿ ಬಂತು.

“ಹ್ಯಾಂಗಿತ್ರಿ ಸಿನಿಮಾ?”

“ಕಣ್ಣ ತೆರಸಿದ್ರಿ ಬಾಯಾರ,” ಎಂದ ಸಿದರಾಯ.

‘ಗ್ರಾಮಸ್ಥರು ಗಾಢವಾಗಿ ಚಿಂತನೆಗೆ ತೊಡಗಿದರು’ ಎಂದು ವರದಿ ಬರೆದಿಟ್ಟು ಅವಳು ಮರುದಿನ ಪರೀಕ್ಷೆಯ ಪೇಪರು ತಿದ್ದಲು ಮೂರು ವಾರ ಧಾರವಾಡಕ್ಕೆ ಹೋದಳು. ವರದಿಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಚಿಂತನೆ ಅಂದೇ ಸಂಜೆ ಹೊಳೆದಂಡೆಗೆ ಇಳಿಯಿತು. ಬಂಡೆಯ ಮೇಲೆ ಎರಡು ನೀರುನಾಯಿಗಳು ಬಿಸಿಲಿಗೆ ಮೈ ಕಾಯಿಸುತ್ತಿದ್ದವು. ಅವುಗಳ ಅಪ್ಪ ಅಜ್ಜಂದಿರನ್ನೂ ನೋಡಿದ್ದ ಊರು ಅಂದು ಅವನ್ನು ಹೊಸದಾಗಿ ನೋಡಿತು. ಅದೇ ಕಂದು ಬಣ್ಣ, ಅದೇ ಮೀಸೆ, ಅದೇ ತೊಯ್ದ ಮೈ.

“ಇವು ನಮ್ಮ ನೀರನಾಯಿ ಅಲ್ಲೇನ ಆಯಿ?” ಎಂದ ಮಾಳು.

ಸುಂದರವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. “ನಮ್ಮವs. ಆದರ ಈಗ ಸರಕಾರಿ ನೌಕರಿಗೆ ಸೇರ್ಯಾವು. ಮೊದಲ ನಮ್ಮನ್ನ ಕಂಡ್ರ ಓಡತಿದ್ದುವು, ಈಗ ನೋಡು, ತಿರಗಿ ಸುದ್ದಾ ನೋಡವಲ್ಲವು.”

ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ಆ ವಾರ ನೀರು ಬೇರೆ ಅವಳ ಉಳ್ಳಾಗಡ್ಡಿಯ ಮಡಿಯತ್ತ ನಾಲ್ಕು ಬೆರಳು ಏರಿತ್ತು.

ಮೂರನೆಯ ದಿನ ಸಿದರಾಯ, ಮಾಳು, ಸುಂದರವ್ವ ಮೂವರೂ ಕೃಷ್ಣಾಜಿಯವರ ಪಡಸಾಲೆಯಲ್ಲಿದ್ದರು.

“ಅರ್ಜಿ ಬರೀರಿ ರಾಯರ. ಆ ಪ್ರಾಣಿ ಒಯ್ರಿ ಅಂತ.”

ಕೃಷ್ಣಾಜಿ ಚಹಾದ ಕಪ್ಪನ್ನು ಕೆಳಗಿಟ್ಟರು. “ಅಲ್ಲೋ ಸಿದರಾಯಾ, ಅದು ಬ್ಯಾರೆ ದೇಶದ ಸಂಗತಿ ಇರಬೇಕೋ.”

“ನೀವs ಹೇಳೀರಲ್ರಿ, ಸರಕಾರ ಎಲ್ಲಾ ಕಡೆ ಒಂದ ಅಂತ.”

“ಹೇಳೇನಿ, ಖರೆ...”

“ಐದುನೂರಾ ಇಪ್ಪತ್ನಾಕ ಅಂತ ಸಿನಿಮಾದಾಗ ಹೇಳಿದ್ದು ಸುಳ್ಳೇನ್ರಿ ಮತ್ತ?” ಎಂದಳು ಸುಂದರವ್ವ. “ಇಂಗ್ಲಿಷಿನ್ಯಾಗ ಯಾರರೆ ಸುಳ್ಳ ಹೇಳ್ತಾರೇನು?”

ಒಳಬಾಗಿಲಲ್ಲಿ ಇಂದಿರಾಬಾಯಿ ಬಂದು ನಿಂತಿದ್ದರು. ತಮಗೆ ಸಿನಿಮಾ ಅರ್ಥವಾಗಿರಲಿಲ್ಲ ಎಂಬ ಒಂದು ಮಾತನ್ನು ಕೃಷ್ಣಾಜಿ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮಾತು ಸಂಜೆಯೊಳಗೆ ಗಲಗಲಿ, ಮರುದಿನ ಬೀಳಗಿ, ಮೂರನೆಯ ದಿನಕ್ಕೆ ಧಾರವಾಡ ಮುಟ್ಟುತ್ತಿತ್ತು. ಕೃಷ್ಣಾಜಿ ಪೆನ್ನು ತೆಗೆದರು. ‘ಡ್ಯಾಮ್ ಹೈಟ್ ೫೨೪ ಬೈ ಎಂಜಿನಿಯರ್ ಅನಿಮಲ್’ ಎಂದು ವಿಷಯ ಬರೆದು, ‘ವಿತ್ ರೆಫರೆನ್ಸ್ ಟು ದಿ ಅಬೋವ್ ಅನಿಮಲ್’ ಎಂದು ಆರಂಭಿಸಿ, ‘ಕೈಂಡ್ಲಿ ಡು ದಿ ನೀಡ್‌ಫುಲ್ ಟು ದಿ ಸೇಮ್ ಅನಿಮಲ್’ ಎಂದು ಮುಗಿಸಿದರು. ‘ಸಿನಿಮಾ ವಿವರಿಸಿದವರು ಮತ್ತು ಅರ್ಜಿ ಬರೆದವರು’ ಎಂದು ಅವರ ಸಹಿಯನ್ನೂ ಮಾಳು ಬಿಡದೆ ಹಾಕಿಸಿಕೊಂಡ.

ಊರಿಗೆ ರಸ್ತೆ ಬೇಕೆಂದು ಹೊಳಿಹಂಚಿನಾಳದವರು ಹನ್ನೆರಡು ವರ್ಷ ಅರ್ಜಿ ಕೊಟ್ಟಿದ್ದರು. ಅವು ಓದಿದ ಕೂಡಲೇ ಅರ್ಥವಾಗುವಂಥವು, ಆದ್ದರಿಂದ ಮೂಲೆ ಸೇರಿದ್ದವು. ಈ ಅರ್ಜಿ ಹಾಗಲ್ಲ. ತಾಲೂಕು ಕಚೇರಿಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಮೇಲಿನವರಿಗೆ ಕಳಿಸುವುದು ಕಚೇರಿಯ ಧರ್ಮ, ಕಳಿಸಿದರು. ಮೇಲಿನವರು ಅವರ ಮೇಲಿನವರಿಗೆ ಕಳಿಸಿದರು. ಒಬ್ಬೊಬ್ಬರೂ ಒಂದೊಂದು ಇಂಗ್ಲಿಷ್ ಹಾಳೆ ಜೋಡಿಸಿದ್ದರಿಂದ ಎಂಟು ದಿನದಲ್ಲಿ ಅರ್ಜಿಗೆ ಫೈಲಿನ ಗಾತ್ರ ಬಂತು. ಐದುನೂರಾ ಇಪ್ಪತ್ನಾಲ್ಕೆಂದರೆ ಮೂರು ರಾಜ್ಯಗಳ ವ್ಯಾಜ್ಯ. ಅದರ ಮುಂದೆ ಪ್ರಾಣಿಯೊಂದು ಕಾಣಿಸಿಕೊಂಡಿದ್ದನ್ನು ನೋಡಿ ದೊಡ್ಡ ದೊಡ್ಡವರು ಬೆವೆತರು. ‘ಸದರಿ ಎಂಜಿನಿಯರನನ್ನು ಯಾವ ಆದೇಶದ ಮೇರೆಗೆ ನೇಮಿಸಲಾಗಿದೆ?’ ಎಂದು ಒಬ್ಬರು ಅಂಚಿನಲ್ಲಿ ಬರೆದರು. ‘ನಮ್ಮ ವಿಭಾಗದಿಂದ ಅಲ್ಲ’ ಎಂದು ಏಳು ವಿಭಾಗಗಳು ಬರೆದುಕೊಟ್ಟವು. ಯಾವ ವಿಭಾಗವೂ ‘ಅಂಥ ಪ್ರಾಣಿಯೇ ಇಲ್ಲ’ ಎಂದು ಬರೆಯಲಿಲ್ಲ, ಏಕೆಂದರೆ ನಾಳೆ ಅದು ಇದ್ದುಬಿಟ್ಟರೆ?

ಕೊನೆಗೆ ಸ್ಥಳ ತನಿಖೆಯೆಂದಾಯಿತು. ತನಿಖೆಗೆ ಜೀಪು ಬರಬೇಕು, ಜೀಪು ಬರಲು ರಸ್ತೆ ಬೇಕು. ಹನ್ನೆರಡು ವರ್ಷ ಬಾರದ ಗರಸು ಮಣ್ಣು ಮೂರು ದಿನದಲ್ಲಿ ಹದಿನಾಲ್ಕು ಟಿಪ್ಪರು ಬಂದು ಬಿತ್ತು. ಸಾಹೇಬರು ಪ್ರಾಣಿ ನೋಡುವ ದಾರಿಯ ಕಂಬಗಳಿಗೆ ಬಲ್ಬು ಬಂದವು. ಪ್ರಾಣಿಯ ವಿಷಯವೆಂದ ಮೇಲೆ ತಮ್ಮ ಪಾಲೂ ಇರಲಿ ಎಂದು ದನದ ಡಾಕ್ಟರರು ಬಂದು ಊರ ಕುರಿಗಳಿಗೆಲ್ಲ ಸೂಜಿ ಮಾಡಿ ಹೋದರು.

“ಬೀರಪ್ಪಗ ಇಷ್ಟ ವರ್ಷ ಭಂಡಾರ ಹಾರಿಸಿದ್ರೂ ಬರಲಾರದ ರಸ್ತೆ ಒಂದ ನೀರನಾಯಿಗೆ ಬಂತಲ್ಲೋ,” ಎಂದು ಸಿದರಾಯ ಬೆರಗಾದ.

ತನಿಖೆಯ ಹಿಂದಿನ ದಿನ ಮೃಣ್ಮಯಿ ಧಾರವಾಡದಿಂದ ಬಂದಳು. ಮನೆಗೆ ಬರುವ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ಮಾಳು ಭೆಟ್ಟಿಯಾಗಿ, ಸಡಗರದಿಂದ ಅರ್ಜಿಯ ಝೆರಾಕ್ಸ್ ಅವಳ ಕೈಗೆ ಕೊಟ್ಟಿದ್ದ. ನಾಳೆ ಸಾಹೇಬರು ಪ್ರಾಣಿಗಳನ್ನು ಒಯ್ಯದಿದ್ದರೆ ತಾವೇ ಅವು ಇರುವ ಬಿಲವನ್ನು, ಆ ಗುದ್ದನ್ನು, ಅಗೆದು ಕಣ್ಣು ಬಿಡದ ಎರಡು ಮರಿಗಳ ಸಮೇತ ಮುಗಿಸಿಬಿಡುವುದಾಗಿಯೂ, ಹಾರೆ ಗುದ್ದಲಿ ತಯಾರಿರುವುದಾಗಿಯೂ ಹೇಳಿದ್ದ.

ಪಡಸಾಲೆಯಲ್ಲಿ ಅವಳು ಅರ್ಜಿಯನ್ನು ಎರಡು ಸಲ ಓದಿದಳು. ಕೃಷ್ಣಾಜಿ ಇಂಗ್ಲಿಷ್ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು.

“ಅಪ್ಪಾ,” ಎಂದಳು. ಇಂಗ್ಲಿಷಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಆ ಗುದ್ದಿನ್ಯಾಗ ಎರಡ ಮರಿ ಅವ. ಕಣ್ಣ ಸುದ್ದಾ ಬಿಟ್ಟಿಲ್ಲ. ನಾಳೆ ಹಾರಿ ಹಾಕ್ತಾರ. ನಾ ಹೇಳಿದ್ರ, ‘ರಾಯರಿಗಿಂತ ನಿಮಗ ಹೆಚ್ಚ ತಿಳೀತದೇನು’ ಅಂತಾರ. ನೀವ ಹೇಳಿದ್ರ ಮಾತ್ರ ನಿಂದರ್ತದ.”

ಇಷ್ಟು ಹೇಳಿ ಒಳಗೆ ಹೋದಳು. ಕೃಷ್ಣಾಜಿಯವರಿಗೆ ಬೈಸಿಕೊಂಡಿದ್ದರೇ ಹಗುರಾಗುತ್ತಿತ್ತು. ಪೇಪರಿನ ಮೇಲಂಚಿನಿಂದ ಹೆಂಡತಿಯ ಮುಖ ಕಾಣಿಸಿತು.

“ಅದರಾಗ ಸತ್ತವರ ಫೋಟೋ ಬಿಟ್ಟು ಬ್ಯಾರೆ ಏನೂ ನೀವ ಓದಂಗಿಲ್ಲ ಅನ್ನೋದು ನನಗ ಲಗ್ನಾದ ವರ್ಷನs ಗೊತ್ತಾಗೇದ,” ಎಂದರು ಇಂದಿರಾಬಾಯಿ. “ಯಾರಿಗೂ ಹೇಳಿಲ್ಲ ನಾ. ನಾಳೆ ನೀವs ಹೇಳಿ ಬರ್ರಿ.”

ಮರುದಿನ ಸಮುದಾಯ ಭವನ ತುಂಬಿ ತುಳುಕುತ್ತಿತ್ತು. ತನಿಖೆಗೆ ಬಂದ ಅಧಿಕಾರಿ ಗಿರಿಮಲ್ಲಪ್ಪನವರು. ಇನ್ನು ಹದಿನಾಲ್ಕು ತಿಂಗಳಿಗೆ ನಿವೃತ್ತಿ. ಅಲ್ಲಿಯವರೆಗೆ ಯಾವ ಫೈಲನ್ನೂ ತಾವಾಗಿ ಮುಚ್ಚಬಾರದೆಂದು ವ್ರತ ಹಿಡಿದವರು. ಫೈಲನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮೇಜಿನ ಮೇಲಿಟ್ಟು, ಮೊದಲು ಸುಂದರವ್ವನನ್ನು ಕರೆದರು.

“ಪ್ರಾಣಿ ನೋಡಿಯೇನವಾ?”

“ನೋಡೇನ್ರಿ ಸಾಹೇಬ್ರ.”

“ಎಂಜಿನಿಯರ್ ಅಂತ ಹ್ಯಾಂಗ ಗೊತ್ತಾತು?”

“ದಂಡಿಮ್ಯಾಲ ಬಂದು ನಿಂತು, ಆಕಡೆ ನೋಡಿತು, ಈಕಡೆ ನೋಡಿತು, ಏನೂ ಮಾಡದs ಹೊಂಟ ಹೋತು. ಎಂಜಿನೀರ ಅಲ್ದ ಮತ್ಯಾರ್ರಿ?”

ಗಿರಿಮಲ್ಲಪ್ಪನವರು ತಾವೂ ಮೂಲತಃ ಎಂಜಿನಿಯರರಾದ್ದರಿಂದ ಇದನ್ನು ಬರೆದುಕೊಳ್ಳಲಿಲ್ಲ. “ಅರ್ಜಿ ಬರೆದವರು ಯಾರು?” ಎಂದರು.

ಕೃಷ್ಣಾಜಿ ಎದ್ದು ನಿಂತರು. ಹಿಂದಿನ ಸಾಲಿನಲ್ಲಿ ಮೃಣ್ಮಯಿ ಇದ್ದಳು. ಬಾಗಿಲ ಬಳಿ ಹಾರೆ ಹಿಡಿದ ಮಾಳು ಇದ್ದ.

“ಬರದಾವ ನಾನs. ಆದರ ಸಾಹೇಬ್ರ, ಆ ಸಿನಿಮಾದಾಗ ಏನ ಹೇಳಿದ್ರೋ ನನಗ ತಿಳದಿಲ್ಲ. ನಾಕ ಶಬ್ದ ಕಿವಿಗೆ ಬಿತ್ತು, ಉಳದದ್ದು ನಾನs ಕೂಡಿಸಿದೆ. ಐದುನೂರಾ ಇಪ್ಪತ್ನಾಕು ಸಿನಿಮಾದಾಗ ಇರಲಿಲ್ಲ. ಆ ಪ್ರಾಣಿ ಇಲ್ಲಿ ಇಲ್ಲ. ಹೊಳ್ಯಾಗಿರೋದು ಬರೇ ನೀರನಾಯಿ. ನನಗ ಇಂಗ್ಲಿಷ್ ಬರಂಗಿಲ್ಲ.”

ಹಿಂದೆ ತಿರುಗಿ ನೋಡುವ ಧೈರ್ಯ ಕೃಷ್ಣಾಜಿಯವರಿಗಾಗಲಿಲ್ಲ. ಮೊದಲು ಎಚ್ಚೆತ್ತವನು ಸಿದರಾಯ. ಬಗ್ಗಿ ಅವರ ಕಿವಿಯಲ್ಲಿ, “ರಾಯರ, ರಸ್ತೆ ಇನ್ನಾ ಅರ್ಧಾ ಉಳದೈತ್ರಿ. ಇನ್ನೊಂದ ಹದಿನೈದ ದಿನ ಇಂಗ್ಲಿಷ್ ಬರಲೆಲ್ರಿ ನಿಮಗ,” ಎಂದ.

“ಸುಮ್ನ ಕೂಡ್ರೋ,” ಎಂದರು ಕೃಷ್ಣಾಜಿ. ಅವರಿಗೆ ಅಳು ಬರುವಂತಾಗಿತ್ತು.

ಗಿರಿಮಲ್ಲಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಇದನ್ನು ಬರೆದುಕೊಂಡರೆ ಫೈಲು ಮುಚ್ಚಿಹೋಗುತ್ತದೆ. ಮುಚ್ಚಿದವರು ತಾವೆಂದಾಗುತ್ತದೆ.

“ಹಂಗ ಬಾಯಿಲೆ ಹೇಳಿದ್ರ ನಡ್ಯಂಗಿಲ್ಲ ರಾಯರ. ಈ ಫೈಲು ಡೆಲ್ಲಿ ಕಂಡು ಬಂದೈತಿ. ಒಳಗಿನ ಹಾಳಿ ಎಲ್ಲಾ ಇಂಗ್ಲಿಷಿನ್ಯಾಗ ಅದಾವು. ನಿಮ್ಮ ಹೇಳಿಕಿನೂ ಇಂಗ್ಲಿಷಿನ್ಯಾಗ ಬರಬೇಕು.”

“ಇಂಗ್ಲಿಷ್ ಬರಂಗಿಲ್ಲ ಅನ್ನೋದs ನನ್ನ ಹೇಳಿಕಿ ಅದರಿ.”

“ಹೌದು. ಅದನ್ನs ಇಂಗ್ಲಿಷಿನ್ಯಾಗ ಬರಕೊಡ್ರಿ.”

“ಬ್ಯಾರೆಯವರ ಕಡೆ ಬರಸ್ಲೇನ್ರಿ?”

“ಸ್ವಹಸ್ತಾಕ್ಷರ ಬೇಕು.”

ಬಿಳಿಯ ಹಾಳೆಯೊಂದು ಕೃಷ್ಣಾಜಿಯವರ ಮುಂದೆ ಬಂತು. ಈ ಸಲ ಅವರು ‘ವಿತ್ ರೆಫರೆನ್ಸ್’ ಎನ್ನಲಿಲ್ಲ, ‘ಕೈಂಡ್ಲಿ’ ಎನ್ನಲಿಲ್ಲ. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, ದುಂಡಗಿನ ಅಕ್ಷರಗಳಲ್ಲಿ ಎರಡು ಸಾಲು ಬರೆದು, ಸಹಿ ಹಾಕಿ ಕೊಟ್ಟರು. ಒಂದು ಸಲವೂ ಪೆನ್ನು ತಡೆಯಲಿಲ್ಲ.

ಗಿರಿಮಲ್ಲಪ್ಪನವರು ಗಟ್ಟಿಯಾಗಿ ಓದಿದರು: “ಐ ಡು ನಾಟ್ ನೋ ಇಂಗ್ಲಿಷ್. ಆಲ್ ದೀಸ್ ಇಯರ್ಸ್ ಐ ಹ್ಯಾವ್ ಓನ್ಲಿ ಪ್ರಿಟೆಂಡೆಡ್ ಟು ನೋ ಇಟ್, ಆಂಡ್ ಐ ಆಮ್ ಅಶೇಮ್ಡ್.” ಆಮೇಲೆ ಸಭೆಗೆ ತಿಳಿಯಲೆಂದು ಕನ್ನಡದಲ್ಲಿ ಹೇಳಿದರು: “ಇವರಿಗೆ ಇಂಗ್ಲಿಷ್ ಬರಂಗಿಲ್ಲಂತ. ಇಷ್ಟ ವರ್ಷ ಬರ್ತೈತಿ ಅಂತ ಬರೇ ನಾಟಕ ಮಾಡ್ಯಾರಂತ. ನಾಚಿಕಿ ಆಗೈತಂತ.”

ಹಾಳೆಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿ ದೊಡ್ಡ ನೆಮ್ಮದಿ ಮೂಡಿತು.

“ಒಂದs ಒಂದು ತಪ್ಪಿಲ್ಲ! ನನ್ನ ಸರ್ವಿಸಿನ್ಯಾಗ ಇಂಥಾ ಇಂಗ್ಲಿಷ್ ನಾ ನೋಡಿಲ್ಲ. ನಮ್ಮ ದೊಡ್ಡ ಸಾಹೇಬರಿಗೂ ಹಿಂಗ ಬರಿಯಾಕ ಬರಂಗಿಲ್ಲ. ಇಂಗ್ಲಿಷ್ ಬರಂಗಿಲ್ಲ ಅಂತ ಇಷ್ಟ ಚೊಲೋ ಇಂಗ್ಲಿಷಿನ್ಯಾಗ ಬರದ್ರ ಯಾರ ನಂಬ್ತಾರ್ರಿ ರಾಯರ? ಇದು ಸುಳ್ಳ ಹೇಳಿಕಿ. ಫೈಲಿಗೆ ಹಚ್ಚಾಕ ಬರಂಗಿಲ್ಲ.”

ಹಾಳೆ ಕೃಷ್ಣಾಜಿಯವರಿಗೆ ತಿರುಗಿ ಬಂತು. “ನಾ ಮೊದಲs ಹೇಳಿದ್ದಿಲ್ಲ?” ಎಂದು ಸುಂದರವ್ವ ಪಕ್ಕದವಳನ್ನು ತಿವಿದಳು. ಏನು ಹೇಳಿದ್ದಳೆಂಬುದು ಅವಳಿಗೂ ಗೊತ್ತಿರಲಿಲ್ಲ. ಸಿದರಾಯ ಬೀರಪ್ಪನ ದಿಕ್ಕಿಗೆ ಕೈಮುಗಿದ.

ಗಿರಿಮಲ್ಲಪ್ಪನವರು ನಿಂತುಕೊಂಡೇ ಆದೇಶ ಹೇಳಿ ಬರೆಸಿದರು. ಸದರಿ ಪ್ರಾಣಿ ಇದೆಯೆಂದಾಗಲಿ ಇಲ್ಲವೆಂದಾಗಲಿ ಈ ಹಂತದಲ್ಲಿ ಹೇಳಲು ಬರುವುದಿಲ್ಲ. ಅಂತಿಮ ವರದಿಯವರೆಗೆ ಮೂರು ತಿಂಗಳಿಗೊಮ್ಮೆ ವೀಕ್ಷಣೆ ನಡೆಯತಕ್ಕದ್ದು. ಅದಕ್ಕೆ ರಸ್ತೆ ಪೂರ್ಣಗೊಳಿಸತಕ್ಕದ್ದು. ಅಲ್ಲಿಯವರೆಗೆ ಪ್ರಾಣಿ ಸರಕಾರಿ ಎಂಜಿನಿಯರ್ ಎಂದೇ ಭಾವಿಸಿ, ಯಾರೂ ಅದರ ಗುದ್ದಿನ ನೂರು ಗಜ ಸಮೀಪ ಹಾರೆ, ಗುದ್ದಲಿ, ಬಲೆ ಒಯ್ಯಕೂಡದು. ಒಯ್ದರೆ ಸರಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಗುನ್ನೆ.

ಬಾಗಿಲ ಬಳಿ ಹಾರೆ ಕೆಳಗೆ ಬಿದ್ದ ಸದ್ದು ಕೇಳಿಸಿತು. “ನಾ ಬಾಗಲಿಗೆ ಆಸರ ಕೊಡಾಕ ತಂದಿದ್ನಿರಿ,” ಎಂದ ಮಾಳು.

ಪರಿಸರ ಸಂಘದ ಏಳು ಪ್ರದರ್ಶನಗಳಿಂದ ಆಗಬೇಕಾಗಿದ್ದ ಕೆಲಸ ಹೀಗೆ ಒಂದೇ ಆದೇಶದಿಂದ ಆಯಿತು. ಹೊಳಿಹಂಚಿನಾಳದ ನೀರುನಾಯಿಗಳಿಗೆ ಅಂದಿನಿಂದ ಸಿಕ್ಕ ಮರ್ಯಾದೆ ಆ ಊರಿನ ಅಳಿಯಂದಿರಿಗೂ ಸಿಕ್ಕಿಲ್ಲವೆಂದು ಹೇಳುತ್ತಾರೆ.

ಸಂಜೆ ಜಮಖಂಡಿಯ ಬಸ್ಸಿನಲ್ಲಿ ಅಪ್ಪ ಮಗಳು ಅಕ್ಕಪಕ್ಕ ಕೂತಿದ್ದರು. ಹೊಸ ಗರಸು ಬಿದ್ದಷ್ಟು ದಾರಿಯಲ್ಲಿ ಬಸ್ಸು ಒಮ್ಮೆಯೂ ಕುಲುಕದೆ ಹೋಗುತ್ತಿತ್ತು. ಹೊಲದ ಬದುವಿನ ಮೇಲೆ ನಿಂತವರು ಕೃಷ್ಣಾಜಿಯವರನ್ನು ಕಂಡು ಮೊದಲಿಗಿಂತ ಹೆಚ್ಚು ಬಗ್ಗಿ ನಮಸ್ಕಾರ ಮಾಡುತ್ತಿದ್ದರು. ಒಂದೊಂದು ನಮಸ್ಕಾರಕ್ಕೂ ಅವರು ಸೀಟಿನಲ್ಲಿ ಇನ್ನಷ್ಟು ಕುಗ್ಗುತ್ತಿದ್ದರು.

ಮೃಣ್ಮಯಿ ಅವರತ್ತ ತಿರುಗಿ ಕೇಳಿದಳು. “ಅಪ್ಪಾ, ಆ ಎರಡ ಸಾಲು ಅಷ್ಟ ಛಂದ ಹ್ಯಾಂಗ ಬರದ್ರಿ?”

ಕೃಷ್ಣಾಜಿ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. “ನೀ ಐದನೇತ್ತಾ ಇದ್ದಾಗಿಂದ ಬರೀಲಿಕತ್ತೇನವಾ ಅದನ್ನ. ಡಿಕ್ಷನರಿ ನೋಡಿ ನೋಡಿ ತಿದ್ದೇನಿ. ನಿನಗ ಕೊಡಬೇಕಂತಿದ್ದೆ. ಒಂದ ದಿನಾನೂ ಧೈರ್ಯ ಆಗಲಿಲ್ಲ.”

ಮೃಣ್ಮಯಿ ಅವರ ಮುಂದೆ ಕೈ ಚಾಚಿದಳು.

“ಹಂಗಾರ ಕೊಡ್ರಿ,” ಎಂದಳು.

ಕೃಷ್ಣಾಜಿ ಕಿಸೆಯಿಂದ ಆ ಹಾಳೆ ತೆಗೆದು ಮಗಳ ಕೈಯಲ್ಲಿಟ್ಟರು.